ಜನ ಸರಿ ಇಲ್ಲ ಎನ್ನುವ ಮುನ್ನ

ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರದ ಬಗ್ಗೆ ಮಾತು ಅಂದರೆ ಷೇರು, ಬಜೆಟ್ಟು, ಬಡ್ಡಿ ದರ ಬರುತ್ತವೆ ಅಂತ ನೀವು ಕಾದಿರಬಹುದು. ಇವತ್ತು ಅವು ಯಾವುವೂ ಬರುವುದಿಲ್ಲ. ಒಂದು ಆಸ್ಪತ್ರೆಯ ಸಾಲಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ತಿಂಗಳಿಗೊಮ್ಮೆ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಡಾಕ್ಟರ ಕೋಣೆಯ ಬಾಗಿಲಿಗೆ ಅಂಟಿಕೊಂಡು ಅರವತ್ತು ಎಪ್ಪತ್ತು ಜನ ನಿಂತಿರುತ್ತಿದ್ದರು. ಸಾಲು ಅನ್ನುವುದು ಹೆಸರಿಗೆ ಮಾತ್ರ. ಬಾಗಿಲು ತೆರೆದಾಗಲೆಲ್ಲ ನೂಕುನುಗ್ಗಲು. ಅಮ್ಮನಿಗೆ ಮಂಡಿ ನೋವು. ಕೂರಲು ಬೆಂಚುಗಳೇನೋ ಇದ್ದವು, ಆದರೆ ಕೂತರೆ ಸರದಿ ಹೋಯಿತು ಅಂತಲೇ ಲೆಕ್ಕ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಜನಕ್ಕೆ ಶಿಸ್ತು ಅನ್ನೋದೇ ಇಲ್ಲ ಬಿಡಿ" ಅಂದರು. ನಾನೂ ಹೌದು ಅಂದೆ. ಹಾಗೆ ಅನ್ನುವಾಗ ಅವರೂ ನೂಕುತ್ತಿದ್ದರು, ನಾನೂ ನೂಕುತ್ತಿದ್ದೆ.

ಮುಂದಿನ ತಿಂಗಳು ಹೋದಾಗ ಬಾಗಿಲ ಬಳಿ ಒಂದು ಟೋಕನ್ ಯಂತ್ರ ಬಂದಿತ್ತು. ಗುಂಡಿ ಒತ್ತಿದರೆ ಒಂದು ಚೀಟಿ. ಗೋಡೆಯ ಮೇಲೆ ಕೆಂಪು ಅಂಕಿ. ಅದೇ ಬಾಗಿಲು, ಹೆಚ್ಚುಕಮ್ಮಿ ಅದೇ ಮುಖಗಳು. ಆದರೆ ಎಲ್ಲರೂ ಕೂತಿದ್ದರು. ಕೆಲವರು ತೂಕಡಿಸುತ್ತಿದ್ದರು. ಒಬ್ಬರು ನಮಗೆ ಸರಿದು ಜಾಗವನ್ನೂ ಕೊಟ್ಟರು. ಅಮ್ಮ ಚೀಟಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಅಂಕಿ ಬದಲಾದಾಗಲೆಲ್ಲ ಒಮ್ಮೆ ನೋಡಿ ಮತ್ತೆ ಮಡಿಸುತ್ತಿದ್ದಳು.

ಒಂದು ತಿಂಗಳಲ್ಲಿ ಅಷ್ಟೂ ಜನ ಶಿಸ್ತು ಕಲಿತರಾ? ಇಲ್ಲ. ಮೊದಲು ಅಲ್ಲಿ ಮರ್ಯಾದೆಯಿಂದ ನಿಂತವರಿಗೆ ನಷ್ಟವಾಗುತ್ತಿತ್ತು. ನೂಕಿದವರಿಗೆ ಲಾಭವಾಗುತ್ತಿತ್ತು. ಒಳ್ಳೆಯವರೂ ಎಷ್ಟು ಹೊತ್ತು ಸುಮ್ಮನೆ ನಿಂತಾರು? ಚೀಟಿ ಬಂದ ಮೇಲೆ ನೂಕಿದರೂ ಸಿಗುವುದೇನೂ ಇಲ್ಲ. ಅವತ್ತಿನಿಂದ ನನಗೆ ಒಂದು ಅಭ್ಯಾಸ ಆಗಿದೆ. "ಜನ ಸರಿ ಇಲ್ಲ" ಅನ್ನುವ ಮಾತು ಬಾಯಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತೇನೆ. ಅವರ ಜಾಗದಲ್ಲಿ ನಿಂತರೆ ನಾನೇನು ಮಾಡುತ್ತಿದ್ದೆ, ಅವರ ಮುಂದೆ ಇರುವ ದಾರಿಗಳು ಯಾವುವು, ಒಂದೊಂದು ದಾರಿಗೂ ಕೊಡಬೇಕಾದ ಬೆಲೆ ಏನು ಅಂತ ಕೇಳಿಕೊಳ್ಳುತ್ತೇನೆ. ನನ್ನ ಮಟ್ಟಿಗೆ ಅರ್ಥಶಾಸ್ತ್ರದ ಹೆಚ್ಚಿನ ಭಾಗ ಈ ಪ್ರಶ್ನೆಯೇ.

ಈ ಬೆಲೆ ಅನ್ನುವುದು ದುಡ್ಡೇ ಆಗಬೇಕಿಲ್ಲ. ಶಾಲೆಯ ಮಾತು ತೆಗೆದುಕೊಳ್ಳಿ. ಶಾಲೆ ಪುಕ್ಕಟೆ, ಪುಸ್ತಕ ಪುಕ್ಕಟೆ. ಆದರೂ ಬಡವರ ಮಗು ಹನ್ನೆರಡು ವರ್ಷಕ್ಕೆ ಶಾಲೆ ಬಿಡುತ್ತದೆ. ನೋಡಿದವರು ತಾಯ್ತಂದೆಗೆ ಓದಿನ ಬೆಲೆ ಗೊತ್ತಿಲ್ಲ ಅನ್ನುತ್ತಾರೆ. ಗೊತ್ತಿರುತ್ತದೆ. ಆದರೆ ಆ ವಯಸ್ಸಿನ ಮಗು ಶಾಲೆಯಲ್ಲಿ ಕೂತರೆ ಒಂದು ದಿನದ ಕೂಲಿ ಹೋಯಿತು. ಇಲ್ಲವೇ ಚಿಕ್ಕ ತಮ್ಮನನ್ನು ನೋಡಿಕೊಳ್ಳುವವರಿಲ್ಲದೆ ಅಮ್ಮನ ಕೂಲಿ ಹೋಯಿತು. ಶುಲ್ಕ ಸೊನ್ನೆ ಇರಬಹುದು, ಆದರೆ ಮನೆ ಕಳೆದುಕೊಳ್ಳುವುದು ಸೊನ್ನೆ ಅಲ್ಲ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟು ಹೋಗುವುದೇನಿದೆಯೋ ಅದೇ ಅದರ ನಿಜವಾದ ಬೆಲೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಅವಕಾಶ ವೆಚ್ಚ ಅನ್ನುತ್ತಾರೆ.

ಮೆಕ್ಸಿಕೊ ದೇಶ ಇದನ್ನು ಅರ್ಥ ಮಾಡಿಕೊಂಡು 1997ರಲ್ಲಿ ಪ್ರೊಗ್ರೆಸಾ ಅನ್ನುವ ಯೋಜನೆ ತಂದಿತು. ಅದನ್ನು ರೂಪಿಸಿದವರಲ್ಲಿ ಸಾಂಟಿಯಾಗೊ ಲೆವಿ ಅನ್ನುವ ಅರ್ಥಶಾಸ್ತ್ರಜ್ಞರು ಮುಖ್ಯರು. ಮಗು ತಪ್ಪದೆ ಶಾಲೆಗೆ ಹೋದರೆ ತಾಯಿಯ ಕೈಗೆ ಹಣ. ಮೇಲಿನ ತರಗತಿಗೆ ಹೋದಂತೆ ಹಣ ಜಾಸ್ತಿ, ಯಾಕೆಂದರೆ ದೊಡ್ಡ ಮಗುವಿನ ಕೂಲಿಯೂ ಜಾಸ್ತಿ. ಪ್ರೌಢಶಾಲೆಯಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಸ್ವಲ್ಪ ಹೆಚ್ಚು, ಯಾಕೆಂದರೆ ಶಾಲೆ ಬಿಡುತ್ತಿದ್ದವರಲ್ಲಿ ಅವರೇ ಹೆಚ್ಚು. ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡಿದರು. 506 ಹಳ್ಳಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ 320 ಹಳ್ಳಿಗಳಿಗೆ ಮೊದಲು ಯೋಜನೆ ಕೊಟ್ಟರು, ಉಳಿದ 186ಕ್ಕೆ ಆಮೇಲೆ. ಎರಡನ್ನೂ ಹೋಲಿಸಿ ನೋಡಿದರು. ಪ್ರೌಢಶಾಲೆಗೆ ಸೇರುವ ಮಕ್ಕಳು, ಅದರಲ್ಲೂ ಹುಡುಗಿಯರು, ಸ್ಪಷ್ಟವಾಗಿ ಹೆಚ್ಚಿದ್ದರು. ಓದಿನ ಮಹತ್ವದ ಬಗ್ಗೆ ಅದೇ ತಾಯ್ತಂದೆಗೆ ಭಾಷಣ ಮಾಡಿದ್ದರೆ ಇಷ್ಟಾಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಹಾಗಂತ ದುಡ್ಡು ತೋರಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಅಲ್ಲ. ತಪ್ಪು ಜಾಗದಲ್ಲಿ ತೋರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಹನೋಯ್ ನಗರದ ಇಲಿಗಳ ಕಥೆ ಇದೆ. 1902ರ ಹೊತ್ತು. ವಿಯೆಟ್ನಾಂ ಫ್ರೆಂಚರ ಕೈಯಲ್ಲಿತ್ತು. ಅವರು ಹನೋಯ್‌ನಲ್ಲಿ ಹೊಸದಾಗಿ ಒಳಚರಂಡಿ ಕಟ್ಟಿಸಿದ್ದರು. ಕತ್ತಲು, ತಂಪು, ಬೆಕ್ಕಿನ ಕಾಟವಿಲ್ಲ. ಇಲಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಅವು ಲೆಕ್ಕವಿಲ್ಲದಷ್ಟು ಬೆಳೆದವು. ಪ್ಲೇಗಿನ ಭಯ ಹುಟ್ಟಿತು. ಮೊದಲು ಕೂಲಿಯಾಳುಗಳನ್ನು ಚರಂಡಿಗೆ ಇಳಿಸಿದರು. ಅದು ಸಾಲದೆ, ಇಲಿ ಕೊಂದು ಬಾಲ ತಂದು ಕೊಟ್ಟವರಿಗೆ ಹಣ ಅಂತ ಸಾರಿದರು. ಸತ್ತ ಇಲಿಯ ರಾಶಿಯನ್ನು ಯಾರು ಎಣಿಸುವುದು, ಬಾಲ ಸಾಕು ಅಂತ.

ಬಾಲಗಳು ಬರತೊಡಗಿದವು. ಆಮೇಲೆ ಊರಲ್ಲಿ ಬಾಲವಿಲ್ಲದ ಇಲಿಗಳು ಓಡಾಡುವುದು ಕಂಡಿತು. ಬಾಲ ಕತ್ತರಿಸಿ ಇಲಿಯನ್ನು ಬಿಟ್ಟುಬಿಡುತ್ತಿದ್ದರು, ಅದು ಮರಿ ಹಾಕಲಿ ಅಂತ. ನಗರದ ಹೊರಗೆ ಇಲಿ ಸಾಕುವವರೂ ಹುಟ್ಟಿಕೊಂಡರು. ಕೊನೆಗೆ ಹಣ ಕೊಡುವುದನ್ನೇ ನಿಲ್ಲಿಸಬೇಕಾಯಿತು.

ಈ ಕಥೆ ಕೇಳಿದವರು ಸಾಮಾನ್ಯವಾಗಿ ನಗುತ್ತಾರೆ, ಎಂಥ ಕಳ್ಳ ಜನ ಅಂತ. ನನಗೆ ಹಾಗೆ ಕಾಣುವುದಿಲ್ಲ. ಆಳುವವರು ಕೇಳಿದ್ದು ಬಾಲ. ಜನ ಕೊಟ್ಟದ್ದು ಬಾಲ. ಇಲಿ ಕಡಿಮೆ ಆಗಬೇಕು ಅನ್ನುವುದು ಆಳುವವರ ಮನಸ್ಸಿನಲ್ಲಿತ್ತೇ ಹೊರತು ಅವರು ಹಣ ಇಟ್ಟಿದ್ದ ಕಡೆ ಇರಲಿಲ್ಲ. ಕೈಯಲ್ಲಿ ಏನೂ ಇಲ್ಲದ, ಪರದೇಶದವರ ಆಳ್ವಿಕೆಯಲ್ಲಿ ಬದುಕುತ್ತಿದ್ದ ಬಡವರು ಅದನ್ನು ಮೊದಲ ನೋಟಕ್ಕೇ ಕಂಡುಕೊಂಡರು.

ಇದೇ ಥರ ಇನ್ನೊಂದು. 1989ರ ಕೊನೆಗೆ ಮೆಕ್ಸಿಕೊ ನಗರದಲ್ಲಿ ಹೊಗೆ ತಡೆಯಲಾರದಷ್ಟಾಗಿತ್ತು. ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ, ಪ್ರತಿ ಕಾರೂ ವಾರದಲ್ಲಿ ಒಂದು ದಿನ ರಸ್ತೆಗೆ ಬರಬಾರದು ಅಂತ ನಿಯಮ ತಂದರು. ಕೇಳಲು ಎಷ್ಟು ನೇರ ಅಲ್ವಾ? ಐದು ಕೆಲಸದ ದಿನಗಳಲ್ಲಿ ಒಂದು ದಿನ ಇಲ್ಲ ಅಂದರೆ ಐದರಲ್ಲೊಂದು ಪಾಲು ಹೊಗೆ ಕಡಿಮೆ. ಆದರೆ ಕೆಲಸಕ್ಕೆ ಹೋಗಲೇಬೇಕಾದವರು ಬೇರೆ ಅಂಕಿಯ ಇನ್ನೊಂದು ಹಳೇ ಕಾರು ಕೊಂಡರು. ಹಳೇ ಕಾರು ಅಂದರೆ ಇನ್ನೂ ಹೆಚ್ಚು ಹೊಗೆ. ಲೂಕಸ್ ಡೇವಿಸ್ ಅನ್ನುವ ಅರ್ಥಶಾಸ್ತ್ರಜ್ಞರು ಗಾಳಿಯ ಅಳತೆಗಳನ್ನೆಲ್ಲ ಹಿಡಿದು ನೋಡಿ 2008ರಲ್ಲಿ ಬರೆದರು. ಈ ನಿಯಮದಿಂದ ಗಾಳಿ ಶುದ್ಧವಾದ ಗುರುತು ಅವರಿಗೆ ಸಿಗಲಿಲ್ಲ.

ಸ್ಟಾಕ್‌ಹೋಮ್ ನಗರ ಇಂಥದ್ದೇ ಸಮಸ್ಯೆಗೆ ಬೇರೆ ದಾರಿ ಹಿಡಿಯಿತು. ನಾನು ಕಾರು ತೆಗೆದುಕೊಂಡು ಗಿಜಿಗುಡುವ ರಸ್ತೆಗೆ ಇಳಿದಾಗ ನನ್ನ ಪೆಟ್ರೋಲಿನ ಖರ್ಚು ನನಗೆ ಗೊತ್ತು. ನನ್ನ ಹಿಂದಿರುವ ನೂರು ಜನರಿಗೆ ನಾನು ಮಾಡಿದ ತಡ ನನ್ನ ಲೆಕ್ಕದಲ್ಲಿ ಬರುವುದೇ ಇಲ್ಲ. ಅದನ್ನು ಅವರು ತೆರುತ್ತಾರೆ. ಆ ಖರ್ಚನ್ನು ನನ್ನ ಲೆಕ್ಕಕ್ಕೆ ತರುವುದು ಹೇಗೆ? 2006ರ ಜನವರಿಯಿಂದ ಜುಲೈವರೆಗೆ, ಪ್ರಯೋಗ ಅಂತ ಹೇಳಿಯೇ, ನಗರದ ನಡುಭಾಗಕ್ಕೆ ಬರುವ, ಹೊರಡುವ ವಾಹನಗಳಿಗೆ ಹೊತ್ತಿಗೆ ತಕ್ಕ ಹಾಗೆ ಶುಲ್ಕ ಹಾಕಿದರು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು 20 ಶೇಕಡಾ ಕಡಿಮೆಯಾದವು. ಶುರುವಿನಲ್ಲಿ ಹೆಚ್ಚಿನವರು ವಿರೋಧಿಸಿದ್ದರು. ಪ್ರಯೋಗ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಮತ ಕೇಳಿದಾಗ ನಗರದ ಹೆಚ್ಚಿನವರು ಬೇಕು ಅಂದರು. 2007ರಲ್ಲಿ ಅದು ಕಾಯಂ ಆಯಿತು. ಇಲ್ಲಿ ನನಗೆ ಇಷ್ಟವಾಗುವುದು ಶುಲ್ಕಕ್ಕಿಂತ ಹೆಚ್ಚಾಗಿ ಆ ಕ್ರಮ. ಮೊದಲು ಮಾಡಿ ತೋರಿಸಿದರು. ಆಮೇಲೆ ಜನರನ್ನು ಕೇಳಿದರು.

ಈಗ ಸ್ವಲ್ಪ ಕಷ್ಟದ ಮಾತು. ಮನೆ ಬಾಡಿಗೆ. ಬಾಡಿಗೆಯನ್ನು ಒಂದು ಮಿತಿಗಿಂತ ಹೆಚ್ಚು ಏರಿಸಬಾರದು ಅಂತ ಕಾನೂನು ಮಾಡಿದರೆ ಬಾಡಿಗೆದಾರನಿಗೆ ಒಳ್ಳೆಯದಲ್ಲವೇ? ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1994ರಲ್ಲಿ ಮತದಾರರು ಈ ನಿಯಮವನ್ನು 1980ಕ್ಕಿಂತ ಮೊದಲು ಕಟ್ಟಿದ ಸಣ್ಣ ಕಟ್ಟಡಗಳಿಗೂ ವಿಸ್ತರಿಸಿದರು. ರೆಬೆಕಾ ಡೈಮಂಡ್ ಅನ್ನುವ ಅರ್ಥಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಇದರ ಪರಿಣಾಮವನ್ನು ಬಹಳ ವರ್ಷಗಳ ಲೆಕ್ಕದಿಂದ ನೋಡಿ 2019ರಲ್ಲಿ ಪ್ರಕಟಿಸಿದರು. ಆ ಮನೆಗಳಲ್ಲಿ ಆಗಲೇ ಇದ್ದವರಿಗೆ ನಿಜವಾಗಿ ಒಳ್ಳೆಯದಾಯಿತು. ಅವರು ಎಬ್ಬಿಸಿಕೊಳ್ಳದೆ ಅದೇ ಮನೆಯಲ್ಲಿ ಹೆಚ್ಚು ಕಾಲ ಉಳಿದರು. ಇದು ಸಣ್ಣ ಮಾತಲ್ಲ. ಮಗುವಿನ ಶಾಲೆ, ನೆರೆಯವರು, ಮುದುಕರಿಗೆ ಗೊತ್ತಿರುವ ಬೀದಿ, ಎಲ್ಲ ಅದರಲ್ಲಿದೆ. ಆದರೆ ಮಾಲೀಕರು ಆ ಕಟ್ಟಡಗಳನ್ನು ಬಾಡಿಗೆಯಿಂದ ತೆಗೆದು ಮಾರಿದರು, ಇಲ್ಲವೇ ಕೆಡವಿ ಬೇರೆ ಕಟ್ಟಿದರು. ಆ ಕಟ್ಟಡಗಳಲ್ಲಿ ಬಾಡಿಗೆಗೆ ಸಿಗುವ ಮನೆಗಳು 15 ಶೇಕಡಾ ಕಡಿಮೆಯಾದವು. ಅದರಿಂದ ಇಡೀ ನಗರದ ಬಾಡಿಗೆ ಸುಮಾರು 5 ಶೇಕಡಾ ಏರಿತು.

ಲಾಭವಾದವರು ನಮಗೆ ಕಾಣುತ್ತಾರೆ. ಅವರ ಹೆಸರು, ಮನೆ, ಮುಖ ಇದೆ. ನಷ್ಟವಾದವಳು ಎಲ್ಲಿದ್ದಾಳೆ? ಆಕೆ ಮುಂದಿನ ವರ್ಷ ಕೆಲಸ ಹುಡುಕಿಕೊಂಡು ಆ ಊರಿಗೆ ಬರಬೇಕಿದ್ದ ಹುಡುಗಿ. ಮನೆ ಸಿಗಲಿಲ್ಲ ಅಂತ ಬರಲೇ ಇಲ್ಲ. ಅವಳ ಫೋಟೋ ಯಾವ ಪೇಪರಿನಲ್ಲೂ ಬರುವುದಿಲ್ಲ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಫ್ರೆಡೆರಿಕ್ ಬಾಸ್ಟಿಯಾ 1850ರಲ್ಲೇ ಇದನ್ನು ಹೇಳಿದ್ದ. ಕಾಣುವುದನ್ನು ಎಲ್ಲರೂ ಎಣಿಸುತ್ತಾರೆ, ಕಾಣದ್ದನ್ನೂ ಎಣಿಸುವುದು ಅರ್ಥಶಾಸ್ತ್ರ ಗೊತ್ತಿದ್ದವನ ಕೆಲಸ ಅನ್ನುವುದು ಅವನ ವಾದದ ತಿರುಳು. ಹಾಗಾದರೆ ಬಾಡಿಗೆದಾರರನ್ನು ಬಿಟ್ಟುಬಿಡಬೇಕೇ? ಬೇಡ. ಅವರನ್ನು ಕಾಪಾಡುವ ಖರ್ಚನ್ನು ಇಡೀ ಸಮಾಜ ತೆರಿಗೆಯಿಂದ ಹೊರಬೇಕು, ಜೊತೆಗೆ ಮನೆಗಳನ್ನು ಕಟ್ಟಬೇಕು ಅಂತ ನಾನು ನಂಬುತ್ತೇನೆ. ನೀವು ಒಪ್ಪದಿರಬಹುದು. ಆದರೆ ಆ ಹುಡುಗಿಯನ್ನೂ ಲೆಕ್ಕಕ್ಕೆ ಹಿಡಿದು ಮಾತಾಡೋಣ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಥರದ ತರ್ಕ ಕೈಗೆ ಬಂದ ಹೊಸತರಲ್ಲಿ ಎಲ್ಲಕ್ಕೂ ಉತ್ತರ ಗೊತ್ತು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಕನಿಷ್ಠ ಕೂಲಿ ಏರಿಸಿದರೆ ಕೆಲಸಗಳು ಹೋಗುತ್ತವೆ, ಅಷ್ಟೇ, ಬೆಲೆ ಏರಿದರೆ ಕೊಳ್ಳುವುದು ಕಡಿಮೆ ಅಂತ ವಾದ ಮಾಡುತ್ತಿದ್ದೆ. ಆಮೇಲೆ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಮಾಡಿದ ಕೆಲಸ ಓದಿದೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಇಬ್ಬರೂ ಗಡಿಯ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಏರಿಕೆಗೆ ಮೊದಲೊಮ್ಮೆ, ಆಮೇಲೊಮ್ಮೆ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. ಇದರ ಬಗ್ಗೆ ವಾದ ಆಗಲೂ ಎದ್ದಿತು, ಈಗಲೂ ಇದೆ. ಎಷ್ಟು ಏರಿಸಿದರು, ಎಲ್ಲಿ, ಯಾವಾಗ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಒಂದು ಊರಿನಲ್ಲಿ ಕೆಲಸ ಕೊಡುವವರು ಕೆಲವೇ ಜನ ಇದ್ದರೆ, ಅವರು ಕೂಲಿಯನ್ನು ಮೊದಲೇ ಒತ್ತಿ ಹಿಡಿದಿರುತ್ತಾರೆ. ಅಂಥ ಕಡೆ ಕೂಲಿ ಏರಿದರೂ ಕೆಲಸ ಉಳಿಯಬಹುದು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು. ತರ್ಕ ಹೇಳಿದ್ದನ್ನು ಹೋಗಿ ನೋಡಿ ಬರಬೇಕು ಅನ್ನುವುದನ್ನು ನಾನು ಕಲಿತದ್ದು ಅವರಿಬ್ಬರಿಂದ.

ಎದುರಿಗಿರುವುದು ಹಸಿವಿನಂಥ ವಿಷಯವಾದರೆ ಈ ಎಚ್ಚರ ಇನ್ನೂ ಮುಖ್ಯ. 1943ರ ಬಂಗಾಳದ ಬರಗಾಲದಲ್ಲಿ 20ರಿಂದ 30 ಲಕ್ಷ ಜನ ಸತ್ತರು ಅನ್ನುವುದು ಸಾಮಾನ್ಯ ಅಂದಾಜು. ಅಕ್ಕಿ ಇರಲಿಲ್ಲ, ಜನ ಸತ್ತರು ಅನ್ನುವುದು ಮೊದಲು ಹೊಳೆಯುವ ವಿವರಣೆ. ಆಗ ಒಂಬತ್ತು ವರ್ಷದ ಹುಡುಗನಾಗಿ ಅದನ್ನು ಕಣ್ಣಾರೆ ಕಂಡ ಅಮರ್ತ್ಯ ಸೆನ್, ಸುಮಾರು ನಾಲ್ಕು ದಶಕಗಳ ನಂತರ ಲೆಕ್ಕ ತೆಗೆದು ಬೇರೆ ಮಾತು ಹೇಳಿದರು. ಅವರ ಲೆಕ್ಕದಲ್ಲಿ 1943ರಲ್ಲಿದ್ದ ಧಾನ್ಯ ಬರಗಾಲವಿಲ್ಲದ 1941ಕ್ಕಿಂತ ಕಡಿಮೆ ಇರಲಿಲ್ಲ. ಯುದ್ಧದ ಖರ್ಚಿನಿಂದ ನಗರದಲ್ಲಿ ಹಣ ಹರಿಯಿತು. ಅಕ್ಕಿಯ ಬೆಲೆ ಹಾರಿತು. ಹಳ್ಳಿಯ ಕೂಲಿಯವನ ಕೂಲಿ ಅಲ್ಲೇ ನಿಂತಿತು. ಮೀನುಗಾರ, ಕ್ಷೌರಿಕ, ಇಂಥವರ ಕೆಲಸಕ್ಕೆ ಸಿಗುತ್ತಿದ್ದ ಅಕ್ಕಿ ದಿನೇ ದಿನೇ ಕರಗಿತು. ಅಕ್ಕಿ ಇದ್ದರೂ ಅದನ್ನು ತಮ್ಮದಾಗಿಸಿಕೊಳ್ಳುವ ದಾರಿ ಅವರಿಗೆ ಇರಲಿಲ್ಲ. ಸೆನ್ ಅವರ ಅಂಕಿಗಳ ಬಗ್ಗೆ ಇತಿಹಾಸಕಾರರಲ್ಲಿ ತಕರಾರಿದೆ. ಆದರೆ "ಎಷ್ಟು ಅಕ್ಕಿ ಇದೆ" ಅನ್ನುವ ಜೊತೆಗೆ "ಯಾರ ಕೈಗೆ ಸಿಗುತ್ತದೆ" ಅಂತ ಕೇಳಬೇಕು ಅನ್ನುವುದನ್ನು ಅವರ ನಂತರ ಯಾರೂ ಮರೆಯಲು ಆಗಿಲ್ಲ. ಈ ವಿಷಯ ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅವತ್ತು ಇಷ್ಟು ಹೇಳಿ ಮಾತು ಮುಗಿಸಿದೆ. ಆಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು. "ಹಾಗಾದರೆ ಎಲ್ಲಕ್ಕೂ ಒಂದು ದಂಡ, ಒಂದು ಬಹುಮಾನ ಇಟ್ಟರೆ ಆಯಿತಲ್ಲ?" ಅವರಿಗೆ ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳ ಕಥೆ ಹೇಳಿದೆ. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ಪೋಷಕರು ತಡವಾಗಿ ಬರುತ್ತಿದ್ದರು. ಟೀಚರ್ ಕಾಯಬೇಕು. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಕಿನಿ ಅನ್ನುವ ಇಬ್ಬರು ಹತ್ತು ಶಿಶುವಿಹಾರಗಳಲ್ಲಿ ಒಂದು ಪ್ರಯೋಗ ಮಾಡಿ 2000ದಲ್ಲಿ ಬರೆದರು. ಆರು ಕಡೆ, ಹತ್ತು ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ ದಂಡ. ಶೆಕೆಲ್ ಅಂದರೆ ಅಲ್ಲಿನ ದುಡ್ಡು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡು ಪಟ್ಟಾದರು. ಮೊದಲು "ಅಯ್ಯೋ, ಟೀಚರ್ ಕಾಯುತ್ತಿದ್ದಾರೆ" ಅನ್ನುವ ಸಂಕೋಚ ಇತ್ತು. ಈಗ ಹತ್ತು ಶೆಕೆಲ್ ಕೊಟ್ಟೆ, ಲೆಕ್ಕ ಚುಕ್ತಾ. ದಂಡ ತೆಗೆದುಹಾಕಿದ ಮೇಲೂ ಆ ಸಂಕೋಚ ತಿರುಗಿ ಬರಲಿಲ್ಲ. ತಡವಾಗಿ ಬರುವವರು ಅಷ್ಟೇ ಉಳಿದರು. ಸಂಕೋಚ, ಮುಲಾಜು, ನಾಲ್ಕು ಜನ ಏನಂದಾರು ಅನ್ನುವುದು, ಇವೆಲ್ಲ ಜನರ ಮುಂದಿರುವ ಲೆಕ್ಕದಲ್ಲೇ ಇವೆ. ನಿಯಮ ಮಾಡುವವರು ಅವನ್ನೂ ಎಣಿಸಬೇಕು.

ಇನ್ನೊಬ್ಬರ ಪ್ರಶ್ನೆ ಹೆಚ್ಚು ಕಷ್ಟದ್ದು. ಒಂದು ಊರಿನಲ್ಲಿ ಬೇರೆ ಬೇರೆ ಗುಂಪಿನವರು ಬೇರೆ ಬೇರೆ ಬೀದಿಗಳಲ್ಲಿ ಬದುಕುತ್ತಾರೆ, ಅದು ದ್ವೇಷ ಅಲ್ಲದೆ ಮತ್ತೇನು ಅಂತ ಕೇಳಿದರು. ಎಷ್ಟೋ ಕಡೆ ಅದು ದ್ವೇಷವೇ, ಕಾನೂನು ಮಾಡಿ ಹೇರಿದ ಅನ್ಯಾಯವೇ. ಆದರೆ ದ್ವೇಷ ಇಲ್ಲದೆಯೂ ಹಾಗಾಗಬಹುದು ಅಂತ ಥಾಮಸ್ ಶೆಲ್ಲಿಂಗ್ ಅನ್ನುವ ಅರ್ಥಶಾಸ್ತ್ರಜ್ಞರು 1971ರಲ್ಲಿ ತೋರಿಸಿದರು. ಅದನ್ನು ಹೇಳುವುದಕ್ಕಿಂತ ಮಾಡಿ ನೋಡುವುದು ಒಳ್ಳೆಯದು ಅಂತ ನಾನು ಒಂದು ದೊಡ್ಡ ಹಾಳೆಯಲ್ಲಿ ಚದುರಂಗದ ಹಾಗೆ ಮನೆಗಳನ್ನು ಬರೆದು ತಂದಿದ್ದೆ. ಒಂದಷ್ಟು ಕಪ್ಪು, ಒಂದಷ್ಟು ಬಿಳಿ ಅಂಗಿ ಗುಂಡಿಗಳು. ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಕರೆದೆ. ಅವಳು ಗುಂಡಿಗಳನ್ನು ಬೆರೆಸಿ ಇಟ್ಟಳು, ನಡುವೆ ಕೆಲವು ಮನೆ ಖಾಲಿ ಬಿಟ್ಟು.

ನಿಯಮ ಒಂದೇ. ಸುತ್ತಲಿನ ನೆರೆಯವರಲ್ಲಿ ಮೂರರಲ್ಲಿ ಒಂದು ಪಾಲಾದರೂ ತನ್ನ ಬಣ್ಣದವರಿದ್ದರೆ ಗುಂಡಿಗೆ ನೆಮ್ಮದಿ. ಮೂರರಲ್ಲಿ ಎರಡು ಪಾಲು ಬೇರೆಯವರಿದ್ದರೂ ತಕರಾರಿಲ್ಲ. ಅಷ್ಟೂ ಇಲ್ಲದಿದ್ದರೆ ಎದ್ದು ಖಾಲಿ ಮನೆಗೆ ಹೋಗುತ್ತದೆ. ಹುಡುಗಿ ಒಂದು ಗುಂಡಿ ಎತ್ತಿ ಇಟ್ಟಳು. ಅದು ಹೋದದ್ದರಿಂದ ಹಳೆಯ ಜಾಗದಲ್ಲಿದ್ದ ಇನ್ನೊಂದು ಒಂಟಿಯಾಯಿತು. ಅದನ್ನೂ ಎತ್ತಿದಳು. ಹತ್ತು ಹದಿನೈದು ನಿಮಿಷದಲ್ಲಿ ಹಾಳೆಯ ಮೇಲೆ ಕಪ್ಪು ಒಂದು ಕಡೆ, ಬಿಳಿ ಒಂದು ಕಡೆ ಗುಂಪುಗಟ್ಟಿದವು. ಯಾವ ಗುಂಡಿಯೂ ಇದನ್ನು ಬಯಸಿರಲಿಲ್ಲ. ಸಭೆ ಒಂದು ಗಳಿಗೆ ಸುಮ್ಮನಾಯಿತು.

ಜನ ಎದ್ದು ಹೊರಟರು. ಆ ಹುಡುಗಿ ಮಾತ್ರ ಹಾಳೆಯ ಮುಂದೆಯೇ ನಿಂತಿದ್ದಳು. "ಸರ್, ಇನ್ನೊಂದು ನಿಯಮ ಸೇರಿಸಿದರೆ? ಸುತ್ತ ಎಲ್ಲರೂ ತನ್ನ ಬಣ್ಣದವರೇ ಆದರೂ ಗುಂಡಿಗೆ ಬೇಜಾರಾಗಬೇಕು" ಅಂದಳು. ನಾನು ಅದನ್ನು ಯಾವತ್ತೂ ಮಾಡಿ ನೋಡಿರಲಿಲ್ಲ. ಇಬ್ಬರೂ ಕುರ್ಚಿ ಎಳೆದುಕೊಂಡು ಕೂತೆವು. ಗುಂಪಿನ ನಟ್ಟನಡುವೆ ನೆಮ್ಮದಿಯಾಗಿ ಕೂತಿದ್ದ ಒಂದು ಕಪ್ಪು ಗುಂಡಿ ಮೊದಲು ಎದ್ದಿತು. ಅದು ಬಿಟ್ಟ ಜಾಗಕ್ಕೆ ಬಿಳಿಯದೊಂದು ಬಂತು, ಆದರೆ ಅಲ್ಲಿ ಅದಕ್ಕೆ ತನ್ನವರು ಯಾರೂ ಇಲ್ಲ, ಅದೂ ಏಳಬೇಕು. "ಇಬ್ಬರು ಒಟ್ಟಿಗೆ ಬಂದರೆ?" ಅಂದಳು. ಸಭಾಂಗಣದವರು ಹಿಂದಿನ ಸಾಲಿನ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಅವಳು ಇನ್ನೊಂದು ಬಿಳಿ ಗುಂಡಿ ಎತ್ತಿಕೊಂಡು ಎಲ್ಲಿಡಲಿ ಅಂತ ನೋಡುತ್ತಿದ್ದಳು.